ಗೇರು ಸೀಳಿದ್ದು ಯಾರ ತಪ್ಪು?

ಅಮೆರಿಕದ ಲೈಫ್-ಲೈಕ್ ಕಂಪನಿ 1989ರಲ್ಲಿ ಶುರು ಮಾಡಿದ ಪ್ರೋಟೊ 2000 ಸಾಲಿನ ಪುಟಾಣಿ ಮಾದರಿ ಡೀಸೆಲ್ ರೈಲು ಎಂಜಿನ್‌ಗಳು ಕುಸುರಿ ಕೆಲಸಕ್ಕೂ ನಯವಾದ ಓಟಕ್ಕೂ ಹೆಸರಾದವು. ಅಳತೆ ಎಚ್‌ಒ, ಅಂದರೆ ನಿಜ ಎಂಜಿನ್ನಿನ 87ನೇ ಒಂದು ಪಾಲು. ಇವತ್ತು ಆ ಸಾಲಿನ ಜಿಪಿ7, ಜಿಪಿ9 ಮಾದರಿಗಳನ್ನು ಹಳೆಯದರಲ್ಲಿ ಕೊಳ್ಳುವವರು ಮೊದಲು ವಿಚಾರಿಸುವುದು ಗೇರು ಬದಲಾಗಿದೆಯೇ ಎಂದು.

ಎಂಜಿನ್ ಬೋರಲು ಹಾಕಿ ತಳದ ಮುಚ್ಚಳ ಬಿಚ್ಚಿದರೆ ಕಾರಣ ಕಣ್ಣಿಗೆ ಬೀಳುತ್ತದೆ. ಗೇರಿನ ಎರಡು ಹಲ್ಲುಗಳ ಬುಡದಲ್ಲಿ ಕೂದಲೆಳೆಯಷ್ಟು ಸೀಳು. ಅಲ್ಲಿ ಹಲ್ಲುಗಳ ಅಂತರ ತುಸು ಹಿಗ್ಗಿರುತ್ತದೆ. ಚಕ್ರ ಸುತ್ತು ಬಂದಾಗಲೆಲ್ಲ ಆ ಜಾಗದಲ್ಲಿ ಹಲ್ಲು ಕೂರದೆ ‘ಟಕ್’ ಎನ್ನುತ್ತದೆ, ಎಂಜಿನ್ ಕುಂಟುತ್ತದೆ. ಸವೆದು ಹೀಗಾಯಿತು ಎನ್ನೋಣವೆಂದರೆ, ಡಬ್ಬಿಯಿಂದ ಹೊರಗೇ ಬಾರದ ಎಂಜಿನ್‌ಗಳಲ್ಲೂ ಇದೇ ಗತಿ.

ಬೇರು ಇರುವುದು ಜೋಡಣೆಯಲ್ಲಿ. ಎರಡು ಹಳಿಗಳಿಂದ ವಿದ್ಯುತ್ ಪಡೆಯುವ ಎಂಜಿನ್ನಿನಲ್ಲಿ ಎಡ ಬಲದ ಚಕ್ರಗಳನ್ನು ಲೋಹದಿಂದ ಜೋಡಿಸಿಬಿಟ್ಟರೆ ಶಾರ್ಟ್ ಆಗುತ್ತದೆ. ಅದಕ್ಕೇ ಇಲ್ಲಿ ಒಂದೊಂದು ಚಕ್ರಕ್ಕೂ ಅರ್ಧರ್ಧ ಉಕ್ಕಿನ ಅಚ್ಚು. ಎರಡನ್ನೂ ನಡುವಿನ ಪ್ಲಾಸ್ಟಿಕ್ ಗೇರಿನ ಕೊಳವೆಗೆ ಒತ್ತಿ ಕೂರಿಸುತ್ತಾರೆ. ತೂತು ಅಚ್ಚಿಗಿಂತ ಕಿರಿದು. ಆ ಬಿಗಿತವೇ ಹಿಡಿತ. ಪ್ಲಾಸ್ಟಿಕ್ ಕಾಲಕ್ರಮದಲ್ಲಿ ಇನ್ನಷ್ಟು ಕುಗ್ಗುತ್ತದೆ, ಉಕ್ಕು ಜಗ್ಗುವುದಿಲ್ಲ. ಕೊನೆಗೆ ತೆಳುವಾದ ಕಡೆ, ಅಂದರೆ ಹಲ್ಲಿನ ಬುಡದಲ್ಲಿ, ಸೀಳುತ್ತದೆ. ಬ್ರಿಟನ್ನಿನಲ್ಲಿ 1976ರಲ್ಲಿ ಬಂದ ‘ಮೇನ್‌ಲೈನ್’ ಹೆಸರಿನ ಮಾದರಿ ಎಂಜಿನ್‌ಗಳಲ್ಲೂ ಅರ್ಧ ಅಚ್ಚುಗಳನ್ನು ಹಿಡಿದಿದ್ದ ಪ್ಲಾಸ್ಟಿಕ್ ಕೊಳವೆಗಳು ಹೀಗೆಯೇ ಬಾಯಿ ಬಿಟ್ಟವು. ಹೀಗಿರುವಾಗ ಪ್ಲಾಸ್ಟಿಕ್ಕನ್ನು ಬೈದು ಫಲವೇನು? ಎಳೆಯುವ ಕೆಲಸ, ವಿದ್ಯುತ್ ತಡೆಯುವ ಕೆಲಸ, ಬಿಗಿ ಹಿಡಿಯುವ ಕೆಲಸ ಮೂರನ್ನೂ ಒಂದೇ ಚೂರಿನ ತಲೆಗೆ ಕಟ್ಟಿದ ವಿನ್ಯಾಸಕಾರನನ್ನು ಕೇಳಬೇಕು.

ಲೋಹದ ಕಾಲವೇ ಚೆನ್ನಿತ್ತು ಎನ್ನುವವರಿಗೆ ಯುದ್ಧಪೂರ್ವದ ಹಾರ್ನ್‌ಬಿ ಎಂಜಿನ್‌ಗಳ ಸತುವಿನ ಎರಕ ತೋರಿಸಬೇಕು. ಸತುವಿನಲ್ಲಿ ಸೀಸದ ಲವಲೇಶ ಬೆರೆತರೂ ಸಾಕು, ಎರಕ ಉಬ್ಬಿ, ಬಿರಿದು, ಪುಡಿಯಾಗುತ್ತದೆ. ಉಬ್ಬಿದ ಚೌಕಟ್ಟನ್ನು ರಿಪೇರಿ ಮಾಡುವವರಿಲ್ಲ. ಪ್ರೋಟೊ ಗೇರಿಗಾದರೋ ಮದ್ದಿದೆ: ಅಂಟು ಹಚ್ಚಿ ಕೂರಬಾರದು, ಆ ಜಾತಿಯ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯದು, ಅಥರ್ನ್ ಕಂಪನಿಯ ಬಿಡಿ ಗೇರು ತಂದು ಕೂರಿಸಿದರೆ ಎಂಜಿನ್ ಮತ್ತೆ ಓಡುತ್ತದೆ.

ನನ್ನ ಇನ್ನೊಂದು ತಕರಾರು ಇರುವುದು ವಿಮರ್ಶೆ ಬರೆಯುವವರ ಮೇಲೆ. ಹೊಸ ಎಂಜಿನ್ ಕೈಗೆ ಬಂದೊಡನೆ ರಿವೆಟ್ಟು, ಕೈಹಿಡಿ ಕಂಬಿ, ಬಣ್ಣ ನೋಡುತ್ತಾರೆ. ಎಳೆಯುವ ಬಲವನ್ನೂ ಅಳೆಯುತ್ತಾರೆ. ತಳದ ಮುಚ್ಚಳ ಬಿಚ್ಚಿ ಅಚ್ಚನ್ನು ಹೇಗೆ ಜೋಡಿಸಿದ್ದಾರೆ, ಗೇರು ಬಿಡಿಯಾಗಿ ಸಿಗುತ್ತದೆಯೇ ಎಂದು ಎರಡು ಸಾಲು ಬರೆಯಲು ಮಾತ್ರ ಜಾಗ ಸಾಲುವುದಿಲ್ಲ.