ಗುರುತು ಕಂಡರೂ ನಂಬದ ಮನೆ: ತ್ರಿವೇಣಿಯವರ ‘ಶರಪಂಜರ’ ಮತ್ತು ಅಂಜನೆಯ ಕಥೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೂಪುಗೊಂಡ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಬೆಂಗಳೂರಿನ ಕನ್ನಡ ಓದುಗರ ಹಳೆಯ ನೆಲೆಗಳು. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿ, ಆದಿಕವಿ ಪಂಪನ ಹೆಸರು ಹೊತ್ತ ರಸ್ತೆಯಲ್ಲಿಯೇ ಇದೆ. ಈ ಬಡಾವಣೆಗಳ ಹಳೆಯ ಶ್ರಾವಕ ಕುಟುಂಬಗಳಲ್ಲಿ ಎರಡು ಬಗೆಯ ಗ್ರಂಥಗಳು ಒಂದೇ ಸೂರಿನಡಿ ಬಾಳಿದವು. ದೇವರ ಕೋಣೆಯ ಗೂಡಿನಲ್ಲಿ ಕೆಂಪು ವಸ್ತ್ರ ಸುತ್ತಿದ ಪುರಾಣ. ಅಡುಗೆ ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ ಗೃಹಿಣಿಯರ ಕೈಗೆ ಬರುತ್ತಿದ್ದ, ಬಾಡಿಗೆ ಪುಸ್ತಕಾಲಯದ ಮುದ್ರೆ ಬಿದ್ದ ಸಾಂಸಾರಿಕ ಕಾದಂಬರಿ. ಮೊದಲನೆಯದು ಪುಣ್ಯಸಂಚಯಕ್ಕೆ, ಎರಡನೆಯದು ಕಾಲಹರಣಕ್ಕೆ ಎಂಬುದು ಹಿರಿಯರ ಸಾಮಾನ್ಯ ತೀರ್ಮಾನವಾಗಿತ್ತು.

ಈ ತೀರ್ಮಾನ ಪುನರ್ವಿಮರ್ಶೆಗೆ ಅರ್ಹವಾದುದು. ಬಿರುಕುಬಿಟ್ಟ ದಾಂಪತ್ಯ, ಮನೆಯವರ ಸಂಶಯ, ತಾಯ್ತನವೇ ವಿಪತ್ತಾಗಿ ಪರಿಣಮಿಸುವ ಬಗೆ ಇವುಗಳನ್ನು ವಸ್ತುವಾಗಿ ಉಳ್ಳ ಕಾದಂಬರಿಗಳಲ್ಲಿ ಅತ್ಯಂತ ಹೆಚ್ಚು ಓದಲ್ಪಟ್ಟವುಗಳಲ್ಲಿ ತ್ರಿವೇಣಿಯವರ ‘ಶರಪಂಜರ’ವೂ ಒಂದು. ಇದೇ ವಸ್ತುವನ್ನು ಜೈನ ಕಥಾಪರಂಪರೆ ಶತಮಾನಗಳ ಹಿಂದೆಯೇ ಅಂಜನೆಯ ಕಥೆಯಲ್ಲಿ ಎತ್ತಿಕೊಂಡಿತ್ತು. ಇವೆರಡನ್ನೂ ಒಟ್ಟಿಗೆ ಇಟ್ಟು ಓದಿದಾಗ ಒಂದು ಮತ್ತೊಂದರ ಮೇಲೆ ಬೆಳಕು ಚೆಲ್ಲುತ್ತದೆ; ಜೊತೆಗೆ ಓದುವ ಮನೆತನಗಳ ಮೇಲೂ.

ಅನಸೂಯಾ ಶಂಕರ್ ಎಂಬುದು ತ್ರಿವೇಣಿಯವರ ನಿಜನಾಮ. 1928ರಲ್ಲಿ ಜನಿಸಿ, ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಸಿಸಿದ ಅವರು ಕನ್ನಡ ಕಾದಂಬರಿಗೆ ಮನಸ್ಸಿನ ವ್ಯಾಧಿಗಳನ್ನು ಅನುಕಂಪದಿಂದ, ತಿಳಿವಳಿಕೆಯಿಂದ ನೋಡುವ ದೃಷ್ಟಿಯನ್ನು ತಂದುಕೊಟ್ಟರು. 1963ರ ಜುಲೈ 29ರಂದು, ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, ಅವರು ತೀರಿಕೊಂಡರು. ಬಾಣಂತನದ ಸಂಕಟವನ್ನು ಕಥೆಯ ಕೇಂದ್ರಕ್ಕೆ ತಂದ ಲೇಖಕಿಯ ಬದುಕು ಬಾಣಂತನದಲ್ಲಿಯೇ ಮುಗಿದುದು ವಿಷಾದದ ಸಂಗತಿ.

‘ಶರಪಂಜರ’ದ ಕಾವೇರಿ ಸುಶಿಕ್ಷಿತೆ, ಸಂಸ್ಕಾರವಂತೆ. ಸತೀಶನೊಡನೆ ಆಕೆಯ ದಾಂಪತ್ಯ ಒಲವಿನಿಂದಲೇ ಆರಂಭವಾಗುತ್ತದೆ. ಎರಡನೆಯ ಹೆರಿಗೆಯ ತರುವಾಯ ಆಕೆ ಮಾನಸಿಕ ಅಸ್ವಸ್ಥತೆಗೆ ಒಳಗಾಗುತ್ತಾಳೆ. ಆ ಅಸ್ವಸ್ಥತೆಯ ಅಬ್ಬರದಲ್ಲಿ ವಿವಾಹಪೂರ್ವದ ಕಹಿ ಪ್ರಸಂಗವೊಂದು ಹೊರಬೀಳುತ್ತದೆ. ಆಸ್ಪತ್ರೆಯ ಚಿಕಿತ್ಸೆಯಿಂದ ಗುಣಹೊಂದಿ ಆಕೆ ಮನೆಗೆ ಮರಳುತ್ತಾಳೆ. ನಿಜವಾದ ಕಥೆ ಆರಂಭವಾಗುವುದು ಇಲ್ಲಿಂದ. ರೋಗ ವಾಸಿಯಾಗಿದೆ, ಆದರೆ ಮನೆ ವಾಸಿಯಾಗಿಲ್ಲ. ಆಕೆ ನಕ್ಕರೂ ಅತ್ತರೂ, ಮೌನವಾಗಿದ್ದರೂ ಸಿಡುಕಿದರೂ ಸುತ್ತಲಿನ ಕಣ್ಣುಗಳಿಗೆ ಎಲ್ಲವೂ ಹುಚ್ಚಿನ ಲಕ್ಷಣವಾಗಿಯೇ ತೋರುತ್ತದೆ. ಪತಿಯ ಮನಸ್ಸು ಅನ್ಯಳತ್ತ ಹರಿದಿರುತ್ತದೆ. ಕೊನೆಗೆ ಆಕೆಗೆ ಉಳಿಯುವುದು ಮತ್ತೆ ಆಸ್ಪತ್ರೆಯ ದಾರಿ. 1971ರಲ್ಲಿ ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ, ಕಲ್ಪನಾ ಅವರ ಅಭಿನಯದಲ್ಲಿ ಈ ಕೃತಿ ಚಲನಚಿತ್ರವಾಗಿ, ಕಾದಂಬರಿಯನ್ನು ಓದದವರ ಮನೆಗಳಿಗೂ ಕಾವೇರಿ ಪ್ರವೇಶಿಸಿದಳು.

ಇನ್ನು ಅಂಜನೆಯ ಕಥೆ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲಿಯೂ ಏಳನೆಯ ಶತಮಾನದ ರವಿಷೇಣಾಚಾರ್ಯರ ಸಂಸ್ಕೃತ ‘ಪದ್ಮಪುರಾಣ’ದಲ್ಲಿಯೂ ವಿಸ್ತಾರವಾಗಿ ಬರುವ ಈ ಕಥೆಯನ್ನು ಹದಿಮೂರನೆಯ ಶತಮಾನದ ಶಿಶುಮಾಯಣನು ‘ಅಂಜನಾಚರಿತೆ’ ಎಂಬ ಸಾಂಗತ್ಯ ಕಾವ್ಯವಾಗಿ ಕನ್ನಡಿಸಿದನು. ಅದೇ ಶತಮಾನದ ಹಸ್ತಿಮಲ್ಲನು ಸಂಸ್ಕೃತದಲ್ಲಿ ‘ಅಂಜನಾಪವನಂಜಯ’ ನಾಟಕವನ್ನು ಬರೆದನು. ಹೀಗೆ ಕವಿಗಳು ಮತ್ತೆ ಮತ್ತೆ ಮರಳಿ ಬಂದ ಕಥೆ ಇದು.

ರವಿಷೇಣರ ಕಥನದಲ್ಲಿ, ವಿವಾಹಕ್ಕೆ ಮುನ್ನ ವಧುವನ್ನು ಮರೆಯಿಂದ ನೋಡಲು ಬಂದ ಪವನಂಜಯನ ಕಿವಿಗೆ ಸಖಿಯೊಬ್ಬಳ ಮಾತು ಬೀಳುತ್ತದೆ. ಆಕೆ ವಿದ್ಯುತ್ಪ್ರಭನೆಂಬ ಬೇರೊಬ್ಬ ವರನನ್ನು ಹೊಗಳುತ್ತಾಳೆ, ಅಂಜನೆ ಸುಮ್ಮನಿರುತ್ತಾಳೆ. ಆ ಮೌನವನ್ನೇ ಸಮ್ಮತಿಯೆಂದು ಬಗೆದ ಪವನಂಜಯನು ಅವಳನ್ನು ಕೈಹಿಡಿದೂ ಇಪ್ಪತ್ತೆರಡು ವರ್ಷಗಳ ಕಾಲ ದೂರವಿಡುತ್ತಾನೆ. ಯುದ್ಧಯಾತ್ರೆಯ ನಡುವೆ ಮಾನಸ ಸರೋವರದ ತೀರದಲ್ಲಿ, ಒಂದೇ ರಾತ್ರಿಯ ಅಗಲಿಕೆಗೆ ಹಲುಬುವ ಚಕ್ರವಾಕಿಯನ್ನು ಕಂಡು ಅವನ ಎದೆ ಕರಗುತ್ತದೆ. ಗುಟ್ಟಾಗಿ ಹಿಂತಿರುಗಿ ಪತ್ನಿಯನ್ನು ಕೂಡುತ್ತಾನೆ. ಗರ್ಭ ನಿಂತರೆ ಗತಿಯೇನು, ಹಿರಿಯರಿಗೆ ತಿಳಿಸಿ ಹೋಗಬೇಕೆಂದು ಅಂಜನೆ ಬೇಡಿಕೊಳ್ಳುತ್ತಾಳೆ. ಅವನಿಗೆ ನಾಚಿಕೆ. ಗುರುತಿಗೊಂದು ಆಭರಣವನ್ನಿತ್ತು ಹೊರಟುಹೋಗುತ್ತಾನೆ.

ಮುಂದಿನದು ಶ್ರಾವಕ ಕುಟುಂಬಗಳ ಮಕ್ಕಳಿಗೂ ತಿಳಿದ ಸಂಗತಿ. ಸೊಸೆಯ ಗರ್ಭಚಿಹ್ನೆಗಳನ್ನು ಕಂಡ ಅತ್ತೆ ಕೇತುಮತಿ ಗುರುತಿನ ಆಭರಣವನ್ನು ನಂಬದೆ ಅವಳನ್ನು ಹೊರಗಟ್ಟುತ್ತಾಳೆ. ತಂದೆ ಮಹೇಂದ್ರನ ಬಾಗಿಲೂ ಮುಚ್ಚುತ್ತದೆ. ಸಖಿ ವಸಂತಮಾಲೆಯೊಬ್ಬಳೇ ಜೊತೆಯಾಗಿ ಅಂಜನೆ ಅರಣ್ಯದ ಗುಹೆಯಲ್ಲಿ ಹನುಮಂತನನ್ನು ಹಡೆಯುತ್ತಾಳೆ. ಸೋದರಮಾವ ಪ್ರತಿಸೂರ್ಯನು ಅವರನ್ನು ಕಂಡು ಆಶ್ರಯ ನೀಡುತ್ತಾನೆ. ಯುದ್ಧದಿಂದ ಮರಳಿದ ಪವನಂಜಯನು ಪತ್ನಿಯನ್ನು ಕಾಣದೆ ಕಾಡುಮೇಡು ಅಲೆದು, ಪ್ರಾಣತ್ಯಾಗದ ಸಂಕಲ್ಪದವರೆಗೆ ಹೋಗಿ, ಕೊನೆಗೆ ಅವಳನ್ನು ಕೂಡುತ್ತಾನೆ.

ಈ ಎರಡು ಕಥೆಗಳ ಸಾಮ್ಯ ಹೆಣ್ಣಿನ ಕಣ್ಣೀರಿನಲ್ಲಿ ಮಾತ್ರ ಇದೆಯೆಂದು ಭಾವಿಸಿದರೆ ಓದು ಮೇಲುಮೇಲಿನದಾಗುತ್ತದೆ. ಇರುವುದು ಅದಕ್ಕಿಂತ ಖಚಿತವಾದ ಸಾಮ್ಯ. ಎರಡರಲ್ಲಿಯೂ ಮನೆಯವರ ಮುಂದೆ ಪ್ರಮಾಣವಿದೆ. ಅಂಜನೆಯ ಕೈಯಲ್ಲಿ ಪತಿ ಕೊಟ್ಟ ಗುರುತು. ಕಾವೇರಿಯ ಪರವಾಗಿ, ಗುಣವಾಗಿದೆಯೆಂದು ಮನೆಗೆ ಕಳುಹಿಸಿದ ವೈದ್ಯರ ಮಾತು. ಎರಡೂ ಮನೆಗಳು ಪ್ರಮಾಣವನ್ನು ಕಂಡೂ ತಿರಸ್ಕರಿಸುತ್ತವೆ. ಅಂದಮೇಲೆ ಅಲ್ಲಿ ಕೊರತೆಯಾದುದು ಸಾಕ್ಷ್ಯವಲ್ಲ, ನಂಬುವ ಮನಸ್ಸು. ಮನೆತನದ ಮರ್ಯಾದೆ ಎಂಬ ಭಯ ಒಮ್ಮೆ ಒಳಹೊಕ್ಕರೆ ಉಂಗುರವೂ ಕಳವಿನ ಮಾಲಾಗಿ ಕಾಣುತ್ತದೆ, ನಗುವೂ ಉನ್ಮಾದವಾಗಿ ಕಾಣುತ್ತದೆ. ತ್ರಿವೇಣಿಯವರ ಕಾದಂಬರಿ ಈ ಸತ್ಯವನ್ನು ಉಪದೇಶದ ಧ್ವನಿಯಿಲ್ಲದೆ, ದಿನನಿತ್ಯದ ಸಣ್ಣ ಸಣ್ಣ ಅವಮಾನಗಳ ಮೂಲಕ ತೋರಿಸುತ್ತದೆ. ಅದರ ಸತ್ತ್ವ ಇರುವುದು ಅಲ್ಲಿ.

ಎರಡು ಕೃತಿಗಳೂ ಎತ್ತುವ ಇನ್ನೊಂದು ಪ್ರಶ್ನೆ ಗಂಡಸಿನ ಮೌನದ್ದು. ಅಂಜನೆಯ ಮೌನ ಲಜ್ಜೆಯದು. ಅದಕ್ಕೆ ಅವಳು ಇಪ್ಪತ್ತೆರಡು ವರ್ಷಗಳ ದಂಡ ತೆತ್ತಳು. ಪವನಂಜಯನ ಮೌನವೂ ಲಜ್ಜೆಯದೇ; ಅದಕ್ಕೂ ದಂಡ ತೆತ್ತವಳು ಅಂಜನೆಯೇ. ಹೊರಡುವ ಮುನ್ನ ತಾಯಿಗೆ ಒಂದು ಮಾತು ಹೇಳಿದ್ದರೆ ಗುಹೆಯ ಪ್ರಸಂಗವೇ ಒದಗುತ್ತಿರಲಿಲ್ಲ. ಸತೀಶನಾದರೋ ಹೇಳಬೇಕಾದ ಮಾತನ್ನು ಕೊನೆಯವರೆಗೂ ಹೇಳುವುದಿಲ್ಲ. ಪುರಾಣದ ಪತಿ ತಡವಾಗಿಯಾದರೂ ಹುಡುಕಿಕೊಂಡು ಹೊರಟ. ಕಾದಂಬರಿಯ ಪತಿ ಹೊರಡಲೇ ಇಲ್ಲ. ಈ ವ್ಯತ್ಯಾಸದಲ್ಲಿಯೇ ಒಂದು ಸುಖಾಂತ, ಮತ್ತೊಂದು ದುರಂತ.

ಎರಡು ಕೃತಿಗಳಲ್ಲಿಯೂ ನ್ಯೂನತೆಗಳಿಲ್ಲದಿಲ್ಲ. ‘ಶರಪಂಜರ’ದಲ್ಲಿ ಕಾವೇರಿಯ ಅಂತರಂಗಕ್ಕೆ ದೊರೆತಷ್ಟು ಬೆಳಕು ಸತೀಶನ ಅಂತರಂಗಕ್ಕೆ ದೊರೆಯುವುದಿಲ್ಲ. ಒಲಿದು ಮದುವೆಯಾದವನು ಹೇಗೆ ಹೆಜ್ಜೆಹೆಜ್ಜೆಯಾಗಿ ಕಲ್ಲಾದನೆಂಬುದನ್ನು ವಾಚಕರು ಊಹಿಸಿಕೊಳ್ಳಬೇಕಾಗುತ್ತದೆ. ಅವನನ್ನು ಬರಿಯ ಖಳನೆಂದು ತಳ್ಳಿಹಾಕಿ ಓದುಗನು ತಾನು ನಿರ್ದೋಷಿಯೆಂದು ಸಮಾಧಾನ ಪಟ್ಟುಕೊಳ್ಳುವ ಅಪಾಯವೂ ಇದೆ. ಅತ್ತ ಪುರಾಣಕಥನದಲ್ಲಿ ಇಪ್ಪತ್ತೆರಡು ವರ್ಷಗಳ ತಿರಸ್ಕಾರ ಒಂದು ರಾತ್ರಿಯ ಪಶ್ಚಾತ್ತಾಪದಲ್ಲಿ ತೊಳೆದುಹೋಗುತ್ತದೆ. ಕ್ಷಮಿಸುವ ಭಾರವೆಲ್ಲ ಅಂಜನೆಯ ಮೇಲೆಯೇ ಬೀಳುತ್ತದೆ.

ಇಲ್ಲಿ ಶ್ರಾವಕರು ವಿಶೇಷವಾಗಿ ಆಲೋಚಿಸಬೇಕಾದ ಅಂಶವೊಂದಿದೆ. ಅರಣ್ಯದಲ್ಲಿ ಮುನಿಗಳು ಅಂಜನೆಯ ಪೂರ್ವಭವವನ್ನು ವಿವರಿಸುತ್ತಾರೆ. ಹಿಂದೆ ಕನಕೋದರಿಯೆಂಬ ರಾಣಿಯಾಗಿದ್ದಾಗ ಸವತಿಯ ಮೇಲಿನ ಮತ್ಸರದಿಂದ ಜಿನಬಿಂಬವನ್ನು ಅದರ ಸ್ಥಾನದಿಂದ ಹೊರಗಿರಿಸಿದ ಕರ್ಮದ ಫಲವೇ ಈ ಸಂಕಟ ಎಂಬುದು ಕಥನದ ನಿರೂಪಣೆ. ಇದನ್ನು ಹಿಡಿದು, ಸಂಕಟಕ್ಕೊಳಗಾದ ಸೊಸೆಗೆ ‘ಅವಳ ಕರ್ಮ’ ಎಂದು ಹೇಳಿ ಕೈತೊಳೆದುಕೊಳ್ಳುವ ವಾಡಿಕೆ ಬೆಳೆದಿದೆ. ಇದು ಕರ್ಮಸಿದ್ಧಾಂತದ ಅಪಾರ್ಥ. ಅಂಜನೆಯ ಕರ್ಮ ಅಂಜನೆಯ ದುಃಖಕ್ಕೆ ಕಾರಣವನ್ನು ಹೇಳುತ್ತದೆಯೇ ಹೊರತು ಕೇತುಮತಿಯನ್ನು ನಿರ್ದೋಷಿಯನ್ನಾಗಿ ಮಾಡುವುದಿಲ್ಲ. ಇನ್ನೊಬ್ಬರ ಕರ್ಮೋದಯಕ್ಕೆ ನಿಮಿತ್ತವಾಗಿ ನಿಂತವನು ತನ್ನ ಕ್ರೋಧ ಮಾನಗಳಿಂದ ತನ್ನದೇ ಹೊಸ ಕರ್ಮವನ್ನು ಕಟ್ಟಿಕೊಳ್ಳುತ್ತಾನೆ. ಮುನಿಗಳು ಆ ಮಾತನ್ನು ಹೇಳಿದುದು ನೊಂದವಳಿಗೆ ಧೈರ್ಯ ತುಂಬಲು, ನೋಯಿಸಿದವರಿಗೆ ರಕ್ಷೆಯಾಗಲೆಂದಲ್ಲ. ಇನ್ನೂ ಗಮನಿಸಬೇಕಾದುದೆಂದರೆ, ಆ ಗರ್ಭದಲ್ಲಿದ್ದವನು ಚರಮಶರೀರಿ, ಅದೇ ಭವದಲ್ಲಿ ಮೋಕ್ಷಕ್ಕೆ ಸಲ್ಲುವವನು. ಕುಲದ ಕಳಂಕವೆಂದು ಒಂದು ರಾಜಮನೆತನ ಬಂಡಿಯಲ್ಲಿ ಹೊರಗೆ ಸಾಗಿಸಿದುದು ಅಂಥ ಜೀವವನ್ನು.

ತ್ರಿವೇಣಿಯವರ ಕಾದಂಬರಿ ಪೂರ್ವಭವವನ್ನು ಹೇಳುವುದಿಲ್ಲ. ರೋಗಕ್ಕೆ ರೋಗವೆಂದೇ ಹೆಸರಿಡುತ್ತದೆ. ಈ ವಿಷಯದಲ್ಲಿ ಅದು ತನ್ನ ಕಾಲಕ್ಕಿಂತ ಮುಂದಿತ್ತು. ಬಾಣಂತಿಯರಲ್ಲಿ ಸಾವಿರಕ್ಕೆ ಒಬ್ಬಿಬ್ಬರಿಗೆ ಹೆರಿಗೆಯ ನಂತರದ ದಿನಗಳಲ್ಲಿ ತೀವ್ರ ಮನೋವಿಕಾರ ತಲೆದೋರುವುದೆಂದೂ, ಸಕಾಲದ ಚಿಕಿತ್ಸೆಯಿಂದ ಅದು ಗುಣವಾಗುವುದೆಂದೂ ಇಂದಿನ ವೈದ್ಯಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ ಅಸ್ವಸ್ಥ ಬಾಣಂತಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇರಿಸಿ ಆರೈಕೆ ಮಾಡುವ ತಾಯಿ-ಮಗು ವಿಭಾಗ ಆರಂಭವಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೂ, ಕುಟುಂಬ ಒಪ್ಪಿಕೊಳ್ಳಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿಯೇ ಉಳಿಸಬಾರದೆಂದು ವಿಧಿಸುತ್ತದೆ. ಕಾವೇರಿಯ ಕಥೆಯ ಕೊನೆಯ ಪುಟಕ್ಕೆ ಉತ್ತರದಂತಿದೆ ಈ ವಿಧಿ. ಆದರೆ ಕಾಯಿದೆ ಆಸ್ಪತ್ರೆಯ ಬಾಗಿಲನ್ನು ತೆರೆಸಬಲ್ಲದು. ಮನೆಯ ಒಳಬಾಗಿಲನ್ನು ತೆರೆಯಬೇಕಾದವರು ಮನೆಯವರೇ.

ಆ ಬಾಗಿಲಿಗೆ ಕೀಲಿಕೈ ಹೊಸದಾಗಿ ಹುಡುಕಬೇಕಾದುದಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳೆಂಬ ಮೂರನ್ನು ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವನ್ನು ಅಭ್ಯಸಿಸಿದವರೆಲ್ಲ ಬಲ್ಲರು. ಪರರ ಕುಂದನ್ನು ಬೀದಿಗೆ ಎಳೆಯದಿರುವುದು, ಜಾರಿದವರನ್ನು ಮತ್ತೆ ನೆಲೆಗೆ ನಿಲ್ಲಿಸುವುದು, ಕಪಟವಿಲ್ಲದೆ ಪ್ರೀತಿಸುವುದು. ಪ್ರತಿಷ್ಠಾ ಮಹೋತ್ಸವಗಳಲ್ಲಿ, ಸ್ವಾಧ್ಯಾಯ ಗೋಷ್ಠಿಗಳಲ್ಲಿ ಇವುಗಳ ವ್ಯಾಖ್ಯಾನ ನಡೆಯುತ್ತದೆ. ಚಿಕಿತ್ಸೆ ಪಡೆದು ಮರಳಿದ ಸೊಸೆ ಬಸದಿಯ ಪ್ರಾಕಾರದಲ್ಲಿ ಕಾಣಿಸಿಕೊಂಡಾಗ ಪಿಸುಮಾತುಗಳು ಏಳುತ್ತವೆಯೋ, ಪಕ್ಕದಲ್ಲಿ ಜಾಗ ಬಿಟ್ಟುಕೊಡಲಾಗುತ್ತದೆಯೋ ಎಂಬುದು ಆ ವ್ಯಾಖ್ಯಾನದ ಪರೀಕ್ಷೆ. ಸಂಬಂಧ ಕುದುರಿಸುವ ಮಾತುಕತೆಯಲ್ಲಿ ಒಂದು ಮನೆಯ ಹೆಣ್ಣುಮಗಳ ಹಳೆಯ ಕಾಯಿಲೆಯನ್ನು ಅವಳ ತಂಗಿಯ ಮೇಲೂ ಹೊರಿಸುವ ಪದ್ಧತಿ ಇದ್ದಲ್ಲಿ ಅದು ಉಪಗೂಹನವಲ್ಲ, ಅದಕ್ಕೆ ವಿರುದ್ಧವಾದುದು. ಬಸದಿಗಳ ಆಡಳಿತ ಮಂಡಳಿಗಳು ಮಹಿಳಾ ಸಮಾಜಗಳ ಸ್ವಾಧ್ಯಾಯದಲ್ಲಿ ಅಂಜನಾಚರಿತೆಯೊಡನೆ ಇಂಥ ಕಾದಂಬರಿಯನ್ನೂ ಚರ್ಚೆಗೆ ಇರಿಸಿದರೆ ಪುರಾಣಕ್ಕೆ ಕುಂದು ಬಾರದು. ಅದರ ಅರ್ಥ ಇಂದಿನ ಮನೆಗಳಿಗೆ ಹತ್ತಿರವಾದೀತು.

ಅಂಜನೆಯ ಕಥೆಯನ್ನು ಓದುವವರು ಸಾಮಾನ್ಯವಾಗಿ ಹನುಮಂತನ ಜನನದಲ್ಲಿ, ದಂಪತಿಗಳ ಪುನರ್ಮಿಲನದಲ್ಲಿ ಮನಸ್ಸಿಡುತ್ತಾರೆ. ವಸಂತಮಾಲೆಯನ್ನು ಹೆಚ್ಚಿನವರು ಮರೆಯುತ್ತಾರೆ. ಅತ್ತೆ ಗುರುತನ್ನು ಕಂಡೂ ನಂಬಲಿಲ್ಲ. ತಂದೆ ವಿಚಾರಿಸುವ ಸಹನೆಯನ್ನೂ ತೋರಲಿಲ್ಲ. ಸಖಿಯೊಬ್ಬಳು ಗರ್ಭಿಣಿಯ ಕೈಹಿಡಿದು ಕಾಡಿಗೆ ನಡೆದಳು, ಗುಹೆಯಲ್ಲಿ ಎಲೆಗಳ ಹಾಸಿಗೆ ಹಾಸಿದಳು, ಸಿಂಹದ ಗರ್ಜನೆ ಕೇಳಿದಾಗಲೂ ಬಿಟ್ಟು ಹೋಗಲಿಲ್ಲ. ರಾಜವಂಶವೆರಡೂ ಮರೆತ ಸ್ಥಿತಿಕರಣವನ್ನು ನಡೆಸಿ ತೋರಿದವಳು ಆಕೆ. ಕಾವೇರಿಯ ಪತಿಗೃಹದಲ್ಲಿ ಅಂಥ ಒಬ್ಬಳಿದ್ದಿದ್ದರೆ ‘ಶರಪಂಜರ’ದ ಕೊನೆಯ ಅಧ್ಯಾಯ ಬೇರೆಯಾಗಿರುತ್ತಿತ್ತು. ಕಾದಂಬರಿಯನ್ನು ಮುಚ್ಚಿಟ್ಟ ಮೇಲೆ ಪ್ರತಿಯೊಂದು ಮನೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮನೆಯಲ್ಲಿ ವಸಂತಮಾಲೆ ಯಾರು?