ಫೋರ್ಡ್ ಅನುದಾನ ಮತ್ತು ನೆಲದ ಪ್ರಶ್ನೆ

ಭಾರತದ ಸಮುದಾಯ ಅಭಿವೃದ್ಧಿಗೆ 1950 ಮತ್ತು 1960ರ ದಶಕಗಳಲ್ಲಿ ಅಮೆರಿಕದ ಫೋರ್ಡ್ ಪ್ರತಿಷ್ಠಾನ ಕೊಟ್ಟ ಅನುದಾನಗಳಿಗೆ ಏಷ್ಯಾದ ಅಭಿವೃದ್ಧಿ ಚರಿತ್ರೆಯಲ್ಲಿ ದೊಡ್ಡ ಹೆಸರಿದೆ. ಸರ್ಕಾರ ಕೈಹಾಕಲು ಹಿಂಜರಿದ ಕಡೆ ಮೊದಲ ಹಣ ಹಾಕಿ, ಮಾದರಿ ಕಟ್ಟಿಕೊಟ್ಟು, ಹಸಿರು ಕ್ರಾಂತಿಗೆ ನೆಲ ಹದಗೊಳಿಸಿದ ಕೀರ್ತಿ ಅವುಗಳದ್ದೆಂದು ಹೇಳುವ ರೂಢಿಯಿದೆ. ಈ ಕೀರ್ತಿ ಅತಿಯಾಯಿತು. ಇದೇ ಪ್ರತಿಷ್ಠಾನದ ಹಣದಲ್ಲಿ, ಅದರ ಆಸರೆಯಲ್ಲಿ ನಡೆದ ಸಂಶೋಧನೆಗೆ ಸಲ್ಲಬೇಕಾದ ಗೌರವ ಮಾತ್ರ ಇಂದಿಗೂ ಸಂದಿಲ್ಲ. ಯೋಜನೆ ಎಲ್ಲಿ ಎಡವುತ್ತಿದೆಯೆಂದು ಆ ಸಂಶೋಧನೆ ಆಗಲೇ ಹೇಳಿತ್ತು. ಯೋಜನೆ ನಡೆಸಿದವರು ಅದಕ್ಕೆ ಕಿವಿಗೊಡಲಿಲ್ಲ.

ಹಿನ್ನೆಲೆ ಪರಿಚಿತವೇ. 1948ರಲ್ಲಿ ಉತ್ತರ ಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಆಲ್ಬರ್ಟ್ ಮೇಯರ್ ಆರಂಭಿಸಿದ ಗ್ರಾಮಾಭಿವೃದ್ಧಿ ಪ್ರಯೋಗ, 1951ರಲ್ಲಿ ದೆಹಲಿಗೆ ಬಂದು ಸುಮಾರು ಎರಡು ದಶಕ ಫೋರ್ಡ್ ಪ್ರತಿನಿಧಿಯಾಗಿದ್ದ ಡಗ್ಲಸ್ ಎನ್ಸ್‌ಮಿಂಗರ್, 1952ರ ಅಕ್ಟೋಬರ್ 2ರಂದು 55 ಕಡೆ ಶುರುವಾದ ಸಮುದಾಯ ಯೋಜನೆಗಳು, ಎಸ್. ಕೆ. ಡೇ ಅವರ ನಾಯಕತ್ವ, ಗ್ರಾಮಸೇವಕರ ತರಬೇತಿ ಕೇಂದ್ರಗಳು. ಈ ವ್ಯವಸ್ಥೆ ಜನರ ಸ್ವಂತ ಮುಂದಾಳ್ತನವನ್ನು ಎಬ್ಬಿಸಲಿಲ್ಲವೆಂದು 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಹೇಳಿತು. ಪಂಚಾಯತ್ ರಾಜ್ ವ್ಯವಸ್ಥೆಗೆ ದಾರಿಯಾದದ್ದು ಆ ಸಮಿತಿಯ ಶಿಫಾರಸು. ಪ್ರತಿಷ್ಠಾನ ಹಿಡಿದ ದಾರಿ ಬೇರೆ.

ಆ ದಾರಿ ಯಾವುದೆಂದು ತಿಳಿಯಲು 1959ರ ಏಪ್ರಿಲ್‌ನಲ್ಲಿ ಹೊರಬಂದ ಒಂದು ವರದಿಯನ್ನು ನಿಧಾನವಾಗಿ ಓದಬೇಕು. ಭಾರತದ ಆಹಾರ ಬಿಕ್ಕಟ್ಟು ಮತ್ತು ಅದರ ಪರಿಹಾರ ಕುರಿತ ಈ ವರದಿಯನ್ನು ಬರೆದದ್ದು ಫೋರ್ಡ್ ಪ್ರಾಯೋಜಿಸಿದ ಅಮೆರಿಕನ್ ಕೃಷಿ ತಜ್ಞರ ತಂಡ. ಪ್ರಕಟಿಸಿದ್ದು ಭಾರತ ಸರ್ಕಾರ. ಇಡೀ ವರದಿ ನಿಂತಿರುವುದು ಒಂದು ಕಳೆಯುವ ಲೆಕ್ಕದ ಮೇಲೆ. 1966ರ ಹೊತ್ತಿಗೆ ಜನಸಂಖ್ಯೆ 48 ಕೋಟಿ ಮುಟ್ಟುತ್ತದೆ; ಬೇಕಾಗುವ ಧಾನ್ಯ 11 ಕೋಟಿ ಟನ್; ಈಗಿನ ವೇಗದಲ್ಲಿ ಬೆಳೆಯುವುದು 8.2 ಕೋಟಿ ಟನ್; ಕೊರತೆ 2.8 ಕೋಟಿ ಟನ್. ಈ ಕೊನೆಯ ಅಂಕಿಯೇ ಪತ್ರಿಕೆಗಳಿಗೂ ಸಂಸತ್ತಿಗೂ ಹಬ್ಬಿ, ನೀತಿಯ ದಿಕ್ಕು ಬದಲಿಸಿತು.

ಲೆಕ್ಕದ ಮೂರು ಅಂಗಗಳಲ್ಲಿ ಎರಡು ಗಟ್ಟಿಯಾಗಿವೆ. ಜನಸಂಖ್ಯೆಯ ಅಂದಾಜು ಬಹುಮಟ್ಟಿಗೆ ಸರಿ. ಉತ್ಪಾದನೆಯ ಅಂದಾಜೂ ತೀರಾ ತಪ್ಪಲ್ಲ: 1960-61ರಲ್ಲೇ ದೇಶ 8.2 ಕೋಟಿ ಟನ್ ಬೆಳೆಯಿತಾದರೂ ಮುಂದಿನ ಮೂರು ವರ್ಷ ಅಲ್ಲಿಯೇ ನಿಂತಿತು, 1964-65ರಲ್ಲಿ 8.9 ಕೋಟಿಗೆ ಏರಿ, ಮರುವರ್ಷದ ಬರದಲ್ಲಿ 7.2 ಕೋಟಿಗೆ ಕುಸಿಯಿತು. ಬಿರುಕು ಇರುವುದು 11 ಕೋಟಿ ಟನ್ ಎಂಬ ಬೇಡಿಕೆಯಲ್ಲಿ. ಅದನ್ನು 48 ಕೋಟಿ ಜನರಿಗೆ ಹಂಚಿದರೆ ತಲೆಗೆ ವರ್ಷಕ್ಕೆ ಸುಮಾರು 229 ಕಿಲೋ, ದಿನಕ್ಕೆ ಸುಮಾರು 628 ಗ್ರಾಂ. ಬಿತ್ತನೆ, ಮೇವು, ಪೋಲಿಗೆಂದು ಸರ್ಕಾರಿ ರೂಢಿಯಂತೆ ಎಂಟರಲ್ಲೊಂದು ಪಾಲು ಕಳೆದರೂ ಸುಮಾರು 550 ಗ್ರಾಂ ಉಳಿಯುತ್ತದೆ. 1961ರಲ್ಲಿ ದೇಶದಲ್ಲಿ ತಲೆಗೆ ದೊರೆಯುತ್ತಿದ್ದದ್ದು ಸುಮಾರು 469 ಗ್ರಾಂ. ಹಸಿರು ಕ್ರಾಂತಿ ಕಾಲು ಶತಮಾನ ದಾಟಿದ ಮೇಲೆ, 1991ರಲ್ಲಿ, ಅದು 510 ಗ್ರಾಂ. ಮೀಸಲು ದಾಸ್ತಾನು, ಉತ್ತಮ ಆಹಾರ ಎಲ್ಲವನ್ನೂ ಸೇರಿಸಿಕೊಂಡರೂ, ಅಷ್ಟು ಧಾನ್ಯ ಕೊಳ್ಳಲು ಯಾರ ಕೈಯಲ್ಲಿ ಹಣವಿತ್ತು ಎಂಬ ಪ್ರಶ್ನೆಗೆ ಈ ಅಂಕಿಯಲ್ಲಿ ಉತ್ತರವಿಲ್ಲ.

ಇದು ಲೆಕ್ಕದ ಚೌಕಾಶಿಯಲ್ಲ. ಹಸಿವನ್ನು ತಲೆಯ ಸರಾಸರಿಯಲ್ಲಿ ಅಳೆದ ಕ್ಷಣ, ನೆಲವಿರುವವನೂ ನೆಲವಿಲ್ಲದವನೂ ಒಂದೇ ತಲೆಯಾಗುತ್ತಾರೆ. ಆಗ ಪರಿಹಾರವೂ ಒಂದೇ: ಎಲ್ಲಿ ಬೇಗ ಹೆಚ್ಚು ಬೆಳೆಯಬಹುದೋ ಅಲ್ಲಿ ಹಣ ಸುರಿಯುವುದು. ವರದಿ ಹೇಳಿದ್ದೂ ಇದನ್ನೇ. ನೀರು ಖಚಿತವಾಗಿರುವ ಜಿಲ್ಲೆಗಳನ್ನು ಆರಿಸಿ, ಬೀಜ, ಗೊಬ್ಬರ, ಸಾಲ, ಸಲಹೆಗಳನ್ನು ಒಟ್ಟಿಗೆ ಒದಗಿಸುವ ಪ್ಯಾಕೇಜ್ ಯೋಜನೆ 1960-61ರಲ್ಲಿ ಶುರುವಾಯಿತು. ತಂಜಾವೂರು, ಪಶ್ಚಿಮ ಗೋದಾವರಿ, ಶಹಾಬಾದ್, ರಾಯಪುರ, ಅಲಿಗಢ, ಲೂಧಿಯಾನ, ಪಾಲಿ ಮೊದಲ ಏಳು ಜಿಲ್ಲೆಗಳು. ಆಮೇಲೆ ಸೇರಿದವುಗಳಲ್ಲಿ ಮಂಡ್ಯವೂ ಒಂದು. ಹಿಡುವಳಿಯ ಭದ್ರತೆ ಅಗತ್ಯವೆಂಬ ಮಾತು ಆಗಿನ ಚರ್ಚೆಯಲ್ಲಿ ಇಲ್ಲದಿರಲಿಲ್ಲ. ಆದರೆ ಪ್ಯಾಕೇಜಿನ ಹತ್ತು ಅಂಶಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಸಮುದಾಯ ಅಭಿವೃದ್ಧಿಯಿಂದ ಸಮುದಾಯ ಜಾರಿಹೋದದ್ದು ಇಲ್ಲಿಯೇ.

ಇದನ್ನು ಮೊದಲು ಕಂಡವರು ಹೊರಗಿನ ವಿರೋಧಿಗಳಲ್ಲ. ಫೋರ್ಡ್ ನೆರವಿನಿಂದ 1952ರಲ್ಲಿ ಸ್ಥಾಪನೆಯಾದ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆ, ಲಾಭ ಉಳ್ಳವರ ಕಡೆಗೇ ವಾಲುತ್ತಿದೆಯೆಂದು ಆರಂಭದ ವರ್ಷಗಳಲ್ಲೇ ದಾಖಲಿಸಿತು. ಜಪಾನ್ ಮತ್ತು ತೈವಾನ್‌ಗಳ ಭೂಸುಧಾರಣೆಯಲ್ಲಿ ದುಡಿದಿದ್ದ ವುಲ್ಫ್ ಲಡೆಜಿನ್ಸ್ಕಿ 1960ರ ದಶಕದ ಆರಂಭದಲ್ಲಿ ಫೋರ್ಡ್ ಪ್ರತಿಷ್ಠಾನದಲ್ಲಿದ್ದರು. ಪ್ಯಾಕೇಜ್ ಜಿಲ್ಲೆಗಳಲ್ಲಿ ಸುತ್ತಾಡಿ ಅವರು ಬರೆದ ಗೇಣಿ ಪದ್ಧತಿಯ ಅಧ್ಯಯನವನ್ನು ಯೋಜನಾ ಆಯೋಗ 1965ರಲ್ಲಿ ಪ್ರಕಟಿಸಿತು. ಅದರ ವಾದ ಇಷ್ಟು: ಬಾಯಿಮಾತಿನ ಗೇಣಿಯ ಮೇಲೆ ಉಳುವವನ ಹೆಸರು ದಾಖಲೆಯಲ್ಲಿರುವುದಿಲ್ಲ. ಹೆಸರಿಲ್ಲದವನಿಗೆ ಸಾಲವಿಲ್ಲ, ಸಾಲವಿಲ್ಲದವನಿಗೆ ಗೊಬ್ಬರವಿಲ್ಲ. ಹೆಚ್ಚು ಬೆಳೆದರೂ ಅರ್ಧ ಪಾಲು ಒಡೆಯನ ಕಣಕ್ಕೆ ಹೋಗುವುದಾದರೆ ಅವನು ಹೆಚ್ಚು ಬೆಳೆಯುವುದಾದರೂ ಏಕೆ? ಪ್ಯಾಕೇಜ್ ಎಲ್ಲಿ ಒಡೆಯುತ್ತದೆಂದು ಈ ಅಧ್ಯಯನದಷ್ಟು ನೇರವಾಗಿ ತೋರಿಸಿದ ಬರಹ ಅಪರೂಪ. ಇಂದು ಅದನ್ನು ಓದುವವರು ಇನ್ನೂ ಅಪರೂಪ.

ಮಂಡ್ಯದ ಸಾಕ್ಷ್ಯವೂ ಇದೆ. 1950ರ ದಶಕದ ಮಧ್ಯದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಆ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 1962ರಲ್ಲಿ ಪ್ರಕಟಿಸಿದರು. ಒಂದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು, ಇನ್ನೊಂದು ಒಣಹಳ್ಳಿ. ನೀರು ಬಂದ ಹಳ್ಳಿಯಲ್ಲಿ ಕಬ್ಬಿನ ಹಣ ಬಂತು; ಒಕ್ಕಲಿಗ ಹಿಡುವಳಿದಾರನಿಗೂ ದಲಿತ ಕೂಲಿಗೂ ಇದ್ದ ವಂಶಪಾರಂಪರ್ಯದ ಕಟ್ಟು ಹಾಗೆಯೇ ಉಳಿಯಿತು. ಬದಲಾವಣೆ ಹೆಚ್ಚು ಕಂಡದ್ದು ಕೆಲಸ ಹುಡುಕಿ ಊರ ಹೊರಗೆ ಹೋಗಬೇಕಾಗಿ ಬಂದ ಒಣಹಳ್ಳಿಯಲ್ಲಿ. ಇಳುವರಿ ಏರಿದರೆ ಸಮಾಜ ತಾನಾಗಿಯೇ ಬದಲಾಗುತ್ತದೆಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಮಂಡ್ಯ ಪ್ಯಾಕೇಜ್ ಜಿಲ್ಲೆಯಾದಾಗ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈ ಅನುದಾನಗಳ ವಿಮರ್ಶಕರು ಎರಡು ಪಂಗಡ. ಇಬ್ಬರ ವಾದವೂ ತೃಪ್ತಿಕರವಲ್ಲ. ಆಡಳಿತಗಾರರ ಪಂಗಡ ಹಸಿರು ಕ್ರಾಂತಿಯ ಯಶಸ್ಸನ್ನೆಲ್ಲ ಪ್ಯಾಕೇಜಿನ ಖಾತೆಗೆ ಬರೆಯುತ್ತದೆ. ಆದರೆ ಇಳುವರಿ ಜಿಗಿದದ್ದು ಮೆಕ್ಸಿಕೋದಿಂದ 1966ರಲ್ಲಿ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ಬಂದ ಮೇಲೆ. ಲೂಧಿಯಾನ ಗೆದ್ದದ್ದಕ್ಕೆ ಪಂಜಾಬ್ ಸರ್ಕಾರ ಚದುರಿದ ಹಿಡುವಳಿಗಳನ್ನು ಮೊದಲೇ ಒಗ್ಗೂಡಿಸಿದ್ದೂ ದೊಡ್ಡ ಕಾರಣ. ಆ ನೆಲಗಟ್ಟು ಇಲ್ಲದ ತಂಜಾವೂರಿನ ಪೂರ್ವ ಭಾಗದಲ್ಲಿ, ಕೀಳ್ವೆಣ್ಮಣಿಯಲ್ಲಿ, 1968ರ ಡಿಸೆಂಬರ್ 25ರಂದು ಕೂಲಿ ಹೆಚ್ಚಳದ ಹೋರಾಟದ ನಡುವೆ 44 ದಲಿತರನ್ನು ಸುಟ್ಟು ಕೊಲ್ಲಲಾಯಿತು. ಐದು ಪ್ಯಾಕೇಜ್ ಜಿಲ್ಲೆಗಳನ್ನು ಅಧ್ಯಯನ ಮಾಡಿದ ಫ್ರಾನ್ಸಿನ್ ಫ್ರಾಂಕೆಲ್ 1971ರಲ್ಲಿ ಎಚ್ಚರಿಸಿದ್ದು ಬೆಳವಣಿಗೆಯ ಜೊತೆಗೇ ಹೆಚ್ಚುತ್ತಿದ್ದ ಈ ಬಿರುಕಿನ ಬಗ್ಗೆ.

ಎಡಪಂಥೀಯ ಪಂಗಡ ಎಲ್ಲವನ್ನೂ ಶೀತಲ ಸಮರದ ಸಂಚೆಂದು ಮುಗಿಸುತ್ತದೆ. ಆರೋಪಕ್ಕೆ ಆಧಾರವಿಲ್ಲದಿಲ್ಲ: 1949ರ ಚೀನಾ ಕ್ರಾಂತಿಯ ನೆರಳು ದೆಹಲಿಯ ಮೇಲೂ ಇತ್ತು, ಪ್ರತಿಷ್ಠಾನವನ್ನು ಭಾರತಕ್ಕೆ ತಂದ ಪಾಲ್ ಹಾಫ್‌ಮನ್ ಅದಕ್ಕೆ ಮೊದಲು ಮಾರ್ಷಲ್ ಯೋಜನೆಯನ್ನು ನಡೆಸಿದವರು. ಆದರೆ ಈ ವಾದ ಕೊನೆಗೆ ನೆರವಾಗುವುದು ಸ್ಥಳೀಯ ಭೂಮಾಲೀಕನಿಗೆ. ಗೇಣಿದಾರನ ಹೆಸರನ್ನು ದಾಖಲೆಯಿಂದ ಅಳಿಸಿದವನು ಅಮೆರಿಕನ್ನನಲ್ಲ, ಊರಿನ ಒಡೆಯ. ಭೂಮಿತಿ ಕಾನೂನುಗಳನ್ನು ರಾಜ್ಯಗಳಲ್ಲಿ ಸಡಿಲಿಸಿದ್ದು ಚುನಾಯಿತ ಶಾಸನಸಭೆಗಳು. ದೂರದ ಸಂಚನ್ನು ಹುಡುಕುವ ಕಣ್ಣಿಗೆ ಹತ್ತಿರದ ಅನ್ಯಾಯ ಕಾಣದೆ ಹೋದದ್ದು ಈ ವಿಮರ್ಶೆಯ ದೊಡ್ಡ ಲೋಪ. ಸಂಚಿನ ಚೌಕಟ್ಟಿನೊಳಗೆ ಲಡೆಜಿನ್ಸ್ಕಿಗೆ ಜಾಗವೂ ಇಲ್ಲ.

ಪ್ರತಿಷ್ಠಾನದ ಪರವಾಗಿ ಹೇಳಬೇಕಾದದ್ದೂ ಇದೆ. ಗ್ರಾಮಸೇವಕರ ತರಬೇತಿ, ಜಿಲ್ಲಾ ಮಟ್ಟದ ಕೃಷಿ ಆಡಳಿತ, 1960ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದೊಂದಿಗೆ ಫಿಲಿಪ್ಪೀನ್ಸ್‌ನಲ್ಲಿ ಕಟ್ಟಿದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಉಳಿಯುವಂಥ ಕೆಲಸಗಳು. ಆದರೆ ಅನುದಾನದ ಬೆಲೆ ಕಟ್ಟಬೇಕಾದದ್ದು ಅದು ಕಟ್ಟಿಸಿದ ಕಟ್ಟಡಗಳಿಂದಲ್ಲ; ತಾನೇ ಹಣ ಕೊಟ್ಟು ಹೇಳಿಸಿಕೊಂಡ ಸತ್ಯಕ್ಕೆ ಅದು ಎಷ್ಟು ಬಾಗಿತು ಎಂಬುದರಿಂದ. ಆ ಅಳತೆಯಲ್ಲಿ ಫೋರ್ಡ್‌ನ ಸಮುದಾಯ ಅಭಿವೃದ್ಧಿ ಸೋತಿತು, ಅದರ ಸಂಶೋಧನೆ ಗೆದ್ದಿತು. ಕರ್ನಾಟಕದಲ್ಲಿ ಗೇಣಿದಾರನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಯಾವ ಅನುದಾನದಿಂದಲೂ ಅಲ್ಲ. ದೇವರಾಜ ಅರಸು ಸರ್ಕಾರದ ಕಾಲದಲ್ಲಿ, 1974ರ ಭೂಸುಧಾರಣಾ ತಿದ್ದುಪಡಿಯಿಂದ.