ರೋಗವಲ್ಲದ ಸ್ವಭಾವ

ಯಾರ ಮೇಲೂ ಕಾಮಾಕರ್ಷಣೆ ಹುಟ್ಟದ ಮನುಷ್ಯರಿದ್ದಾರೆ. ಅವರು ವ್ರತ ಹಿಡಿದವರಲ್ಲ, ಶಕ್ತಿ ಕಳೆದುಕೊಂಡವರೂ ಅಲ್ಲ, ಸ್ವಭಾವವೇ ಹಾಗೆ. ಇಂಥವರಿಗೆ ನಮ್ಮಲ್ಲಿ ಬ್ರಹ್ಮಚಾರಿ ಎಂಬ ಗೌರವವಿದೆ, ನಪುಂಸಕ ಎಂಬ ಬೈಗುಳವಿದೆ. ನಡುವೆ ಏನೂ ಇಲ್ಲ. ‘ಅಲೈಂಗಿಕ’ ಎಂದರೆ ಕನ್ನಡಿಗನಿಗೂ ಮಲಯಾಳಿಗೂ ಜೀವಶಾಸ್ತ್ರದ ಪಾಠದ ಅಮೀಬಾವೇ ಮೊದಲು ನೆನಪಾಗುವುದು!

ಅವರು ದಿನವೂ ಕೇಳುವ ಮಾತುಗಳಲ್ಲಿ ದ್ವೇಷವಿರುವುದು ಕಡಿಮೆ. “ಸರಿಯಾದವರು ಸಿಕ್ಕಿಲ್ಲ, ಅಷ್ಟೆ”, “ಒಮ್ಮೆ ಡಾಕ್ಟರಿಗೆ ತೋರಿಸು” – ಎಲ್ಲ ಅಕ್ಕರೆಯವೇ. ಒಳಗಿನ ಮುಳ್ಳು ಮಾತ್ರ ಒಂದೇ: ನಿನ್ನ ಬಗ್ಗೆ ನೀನು ಹೇಳುವುದನ್ನು ನಾನು ನಂಬಲಾರೆ. ಮನೆಮಾತು ಯಾವುದೆಂದು ಹೇಳಿದರೂ ಇನ್ನೊಮ್ಮೆ ಕೇಳಿಸಿಕೊಳ್ಳುವ ಗಡಿನಾಡಿಗರಿಗೆ ಈ ಮುಳ್ಳಿನ ಪರಿಚಯ ಸ್ವಲ್ಪವಾದರೂ ಇದ್ದೀತು.

ಕಥೆಗಾರರೂ ಈ ಅಪನಂಬಿಕೆಗೆ ಹೊರತಲ್ಲ. ಅಮೆರಿಕದ ‘ಹೌಸ್’ ಧಾರಾವಾಹಿಯ 2012ರ ಜನವರಿಯ ಕಂತೊಂದರಲ್ಲಿ ದಂಪತಿಗಳಿಬ್ಬರೂ ತಾವು ಅಲೈಂಗಿಕರೆನ್ನುತ್ತಾರೆ. ಕಾರಣ ಹುಡುಕಿಯೇ ತೀರುತ್ತೇನೆಂದು ಡಾಕ್ಟರ್ ಹೌಸ್ ನೂರು ಡಾಲರ್ ಪಂಥ ಕಟ್ಟುತ್ತಾನೆ. ಕೊನೆಗೆ ಗಂಡನಿಗೆ ಪಿಟ್ಯುಟರಿ ಗ್ರಂಥಿಯ ಗಡ್ಡೆ. ಹೆಂಡತಿ ಅವನಿಗಾಗಿ ಸುಳ್ಳು ಹೇಳಿದ್ದಳಂತೆ! ಪತ್ತೇದಾರಿಯ ಚೌಕಟ್ಟಿಗೆ ಒಬ್ಬ ಅಪರಾಧಿ ಬೇಕೇ ಬೇಕು; ಇಲ್ಲಿ ಸ್ವಭಾವವನ್ನೇ ಅಪರಾಧಿಯಾಗಿ ನಿಲ್ಲಿಸಲಾಗಿದೆ. ಮರುವರ್ಷ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5, ತಾನು ಅಲೈಂಗಿಕ ಎಂದು ಗುರುತಿಸಿಕೊಳ್ಳುವವರಿಗೆ ಕಾಮಾಸಕ್ತಿಯ ಕೊರತೆ ಎಂಬ ರೋಗದ ಹೆಸರಿಡುವಂತಿಲ್ಲ ಎಂದಿತು. ವೈದ್ಯರೇ ಕಥೆಗಾರರಿಗಿಂತ ಉದಾರಿಗಳಾದರು.

ಇಂಗ್ಲೆಂಡಿನ ಆಲಿಸ್ ಓಸ್ಮನ್ 2020ರಲ್ಲಿ ಬರೆದ ‘ಲವ್‌ಲೆಸ್’ ಕಾದಂಬರಿ ಇನ್ನೂ ಆಳಕ್ಕಿಳಿಯುತ್ತದೆ. ಡರ್ಹಮ್ ವಿಶ್ವವಿದ್ಯಾಲಯಕ್ಕೆ ಸೇರುವ ಜಾರ್ಜಿಯಾಳನ್ನು ನಂಬದವರಲ್ಲಿ ಮೊದಲಿಗಳು ಅವಳೇ. ತನಗೂ ಪ್ರೇಮ ಬಂದೀತೇ ಎಂದು ಪರೀಕ್ಷಿಸಲು ಗೆಳೆಯ ಜೇಸನ್‌ನ ಜತೆ ಪ್ರೇಮಿಯಂತೆ ಓಡಾಡಿ ಅವನ ಮನಸ್ಸು ನೋಯಿಸುತ್ತಾಳೆ. ಊರಿನ ಸಂಶಯ ಒಬ್ಬಳ ಒಳಗಿಳಿದು ಮತ್ತೊಬ್ಬನನ್ನು ಗಾಯಗೊಳಿಸುವ ಈ ಭಾಗವೇ ಕೃತಿಯ ಜೀವ. ಸೋದರಸಂಬಂಧಿ ಎಲಿಸ್‌ಳನ್ನು ಮನೆಯ ಹಿರಿಯರು ಇನ್ನೂ ನೆಲೆ ಕಾಣಲಿಲ್ಲವೆಂದು ಪೀಡಿಸುವ ಸನ್ನಿವೇಶವಂತೂ ನಮ್ಮ ಯಾವ ಮದುವೆಮನೆಯಲ್ಲಾದರೂ ನಡೆದೀತು. ದೋಷವಿಲ್ಲವೆಂದಲ್ಲ. ಹಿರಿಯ ವಿದ್ಯಾರ್ಥಿ ಸುನಿಲ್ ಝಾ ಬಾಯಿ ತೆರೆದಾಗ ಕೆಲವೊಮ್ಮೆ ಕಾದಂಬರಿ ಕರಪತ್ರವಾಗುತ್ತದೆ.

ಇದನ್ನು ಕನ್ನಡಕ್ಕೆ ತರುವವರು ಹೆಸರಿನಲ್ಲೇ ಎಡವಬಹುದು. ‘ಪ್ರೀತಿಯಿಲ್ಲದವಳು’ ಎಂದರೆ ಸುಳ್ಳು. ಗೆಳತಿಯರೆಂದರೆ ಅವಳಿಗೆ ಪ್ರಾಣ. ಮಲಯಾಳದವರ ದಾರಿ ಸಲೀಸು: ‘ಪ್ರೇಮಂ’ ಇಲ್ಲ, ‘ಸ್ನೇಹಂ’ ಇದೆ ಎಂದರೆ ಸಾಕು. ಅವರ ಸ್ನೇಹಂ ತಾಯಿಯ ಅಕ್ಕರೆಯನ್ನೂ ಒಳಗೊಳ್ಳುತ್ತದೆ. ನಮ್ಮ ಸ್ನೇಹ ಗೆಳೆತನದಲ್ಲೇ ನಿಂತುಬಿಡುತ್ತದೆ.